ಮೂರನೆಯವನಿಗೆ ಒಂದು ಏಟು

ಬರೆದದ್ದರ ಚರಿತ್ರೆಗೆ ನಮ್ಮಲ್ಲಿ ಬರವೇನೂ ಇಲ್ಲ. ಪಂಪ ಏನು ಬರೆದ, ಯಾರ ಆಶ್ರಯದಲ್ಲಿದ್ದು ಬರೆದ, ಯಾವ ಪದ್ಯಕ್ಕೆ ಎಷ್ಟು ಪಾಠಾಂತರ, ಇವನ್ನೆಲ್ಲ ಹೇಳುವುದಕ್ಕೆ ಊರಿಗೊಬ್ಬರಾದರೂ ಪಂಡಿತರು ಸಿಗುತ್ತಾರೆ. ಕೇಳದಿದ್ದರೂ ಹೇಳುತ್ತಾರೆ. ಆದರೆ ಪಂಪನ ಕೈ ಹಿಡಿದು ಮೊದಲ ಅಕ್ಷರ ತಿದ್ದಿಸಿದವರು ಯಾರು? ತಿದ್ದಿದ್ದು ಮರಳಿನ ಮೇಲೋ ಅಕ್ಕಿಯ ಮೇಲೋ? ಅಕ್ಷರ ಸೊಟ್ಟಗಾದಾಗ ಬೆನ್ನಿಗೆ ಬಿದ್ದದ್ದೆಷ್ಟು? ಹೀಗೆ ಕೇಳಿ ನೋಡಿ, ಪಂಡಿತರು ಕನ್ನಡಕ ತೆಗೆದು ಒರೆಸತೊಡಗುತ್ತಾರೆ. ಬರಹ ಎಲ್ಲರಿಗೂ ಬೇಕು. ಬರೆಯಲು ಕಲಿತ ಕಥೆ ಯಾರಿಗೂ ಬೇಡ.

ಯಾರಿಗೂ ಬೇಡ ಎಂದರೆ ಅನ್ಯಾಯವಾದೀತು. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಇದನ್ನೇ ಕಸುಬು ಮಾಡಿಕೊಂಡ ಅಧ್ಯಾಪಕರಿದ್ದಾರೆ. ಜೇಮ್ಸ್ ಬರ್ಲಿನ್, ರಾಬರ್ಟ್ ಕಾನರ್ಸ್ ಎಂಬುವರು ಈ ದಾರಿಯಲ್ಲಿ ಮುಂಚೆ ಹೋದವರು. ಶೇಕ್ಸ್‌ಪಿಯರನ ಹಸ್ತಪ್ರತಿ ಸಿಕ್ಕರೂ ಈ ಕಸುಬಿನವರು ಅಷ್ಟು ಹಿಗ್ಗುತ್ತಾರೋ ಇಲ್ಲವೋ ಕಾಣೆ. ನೂರು ವರ್ಷದ ಹಿಂದಿನ ಯಾವನೋ ಹುಡುಗನ ಪ್ರಬಂಧ, ಅದರ ಅಂಚಿನಲ್ಲಿ ಮೇಷ್ಟರ ಗೀಟು, ಇಷ್ಟು ಸಿಕ್ಕರೆ ಸಾಕು, ಅಂದು ಹಬ್ಬ. ಹಳೆಯ ಪಠ್ಯಪುಸ್ತಕ, ಪರೀಕ್ಷೆಯ ಪ್ರಶ್ನೆ, ಹುಡುಗಿಯೊಬ್ಬಳು ಪಾಠದ ನಡುವೆ ಬರೆದುಕೊಂಡ ಟಿಪ್ಪಣಿ, ಇಲಾಖೆಯ ಜಗಳದ ಪತ್ರ, ಇವೇ ಅವರ ಶಾಸನಗಳು, ಇವೇ ಅವರ ತಾಮ್ರಪಟಗಳು.

ಅವರ ಭಂಡಾರದಲ್ಲಿ ನನಗೆ ಬಹಳ ಹಿಡಿಸಿದ್ದು ಹಾರ್ವರ್ಡ್ ವರದಿಯ ಸಂಗತಿ. ಹಾರ್ವರ್ಡ್ ಕಾಲೇಜು 1874ರ ಸುಮಾರಿಗೆ ಪ್ರವೇಶಕ್ಕೆ ಬರುವ ಹುಡುಗರಿಗೆ ಇಂಗ್ಲಿಷಿನಲ್ಲಿ ಪ್ರಬಂಧ ಬರೆಯುವ ಪರೀಕ್ಷೆ ಇಟ್ಟಿತು. ಹುಡುಗರು ಬರೆದರು. ದೊಡ್ಡವರು ಓದಿ ತಲೆ ಚಚ್ಚಿಕೊಂಡರು. ಕೊನೆಗೆ ಒಂದು ಸಮಿತಿಯೇ ಆಯಿತು. ಸಮಿತಿಯಲ್ಲಿದ್ದವರು ಯಾರು? ಬರವಣಿಗೆ ಕಲಿಸುವ ಮೇಷ್ಟರೆಂದುಕೊಂಡಿರಾ? ಒಬ್ಬರು ರೈಲ್ವೆ ಕಂಪನಿಯ ಅಧ್ಯಕ್ಷರಾಗಿದ್ದವರು, ಇನ್ನೊಬ್ಬರು ಪತ್ರಿಕೆಯ ಸಂಪಾದಕರು. ಸಮಿತಿಗಳ ಸ್ವಭಾವ ಎಲ್ಲ ದೇಶಗಳಲ್ಲೂ ಒಂದೇ, ಬಿಡಿ. 1892ರಲ್ಲಿ ಅವರು ಕೊಟ್ಟ ವರದಿಯ ಸಾರ ನಿಮಗೂ ಗೊತ್ತು, ನಿಮ್ಮ ತಾತನಿಗೂ ಗೊತ್ತಿತ್ತು: ಈಗಿನ ಹುಡುಗರಿಗೆ ಬರೆಯಲು ಬರುವುದಿಲ್ಲ. ಮಜಾ ಇರುವುದು ಮುಂದೆ. ನಂಬದವರಿಗೆ ಸಾಕ್ಷಿ ಇರಲಿ ಎಂದು ಹುಡುಗರ ಬರಹಗಳ ಮಾದರಿಗಳನ್ನೇ ವರದಿಯಲ್ಲಿ ಅಚ್ಚು ಹಾಕಿಸಿದರು. ನಾಚಿಕೆಪಡಿಸಲೆಂದು ಮಾಡಿದ ಕೆಲಸ ಅದು. ಫಲ? ಅಚ್ಚುಕಟ್ಟಾಗಿ ಬರೆದು ಪಾಸಾದ ಎಷ್ಟೋ ಜಾಣರ ಕಾಗದಗಳು ಕಸದ ಪಾಲಾದವು. ಬೈಸಿಕೊಂಡವರ ಪ್ರಬಂಧಗಳು ಮಾತ್ರ ಚಿರಂಜೀವಿಯಾದವು.

ಇದನ್ನು ನಮ್ಮ ಬೀದಿಯ ನಿವೃತ್ತ ಮೇಷ್ಟರೊಬ್ಬರ ಮುಂದೆ ಹೇಳಿದೆ. ಅವರು ಎಲೆಗೆ ಸುಣ್ಣ ಸವರುತ್ತಿದ್ದವರು ಕೈ ನಿಲ್ಲಿಸಿದರು.

"ಅಲ್ಲ ಸ್ವಾಮಿ, ಹಾಗಾದರೆ ನಾನು ಸುಟ್ಟದ್ದು ನಳಂದಾಕ್ಕಿಂತ ದೊಡ್ಡ ಭಂಡಾರ ಅನ್ನಿ. ಪ್ರತಿ ವರ್ಷ ಪರೀಕ್ಷೆ ಮುಗಿದ ಮೇಲೆ ಉತ್ತರಪತ್ರಿಕೆಯ ಕಟ್ಟು ನಮ್ಮ ಬಚ್ಚಲೊಲೆಗೇ ಹೋಗ್ತಿತ್ತು. ನೀರು ಚೆನ್ನಾಗಿ ಕಾಯ್ತಿತ್ತು."

"ಏನೂ ಇಟ್ಟುಕೊಳ್ಳಲಿಲ್ಲವೇ ಮೇಷ್ಟ್ರೇ?"

"ಒಂದು ಇಟ್ಟಿದ್ದೆ. 'ಹಸು' ಅನ್ನೋ ವಿಷಯಕ್ಕೆ ಪ್ರಬಂಧ ಬರೆ ಅಂದರೆ ಒಬ್ಬ ತಮ್ಮನೆ ಹಸು ಕಳೆದುಹೋದದ್ದನ್ನ ಬರೆದು, ಕೊನೆಗೆ 'ಸಿಕ್ಕಿದರೆ ದಯವಿಟ್ಟು ತಿಳಿಸಿ' ಅಂತ ವಿಳಾಸ ಕೊಟ್ಟಿದ್ದ. ಅದಕ್ಕೆ ನಾನು ಹತ್ತಕ್ಕೆ ಮೂರು ಕೊಟ್ಟಿದ್ದೆ. ಈಗ ಅನ್ನಿಸುತ್ತೆ, ಅವತ್ತು ತರಗತಿಯಲ್ಲಿ ನಿಜವಾಗಿ ಏನಾದರೂ ಹೇಳೋದಿದ್ದವನು ಅವನೊಬ್ಬನೇ."

ಇರಲಿ. ಹಾರ್ವರ್ಡಿನವರಿಗಾದರೂ ಕಾಗದವಿತ್ತು. ನಮ್ಮಲ್ಲಿ ಹುಡುಗರು ಬರೆಯುತ್ತಿದ್ದ ವಸ್ತುವೇ ಬೇರೆ. ಅದರ ಮುಖ್ಯ ಗುಣವೇ ಅಳಿಸಿಹೋಗುವುದು. ಮರಳಿನಲ್ಲಿ ಬರೆದು ಕೈಯಾಡಿಸಿದರೆ ಅಲ್ಲಿಗೆ ಚರಿತ್ರೆ ಮುಗಿಯಿತು. ಇನ್ನು ಕಡತ. ಕಚೇರಿಯ ಮೇಜಿನ ಮೇಲೆ ಮಲಗಿರುತ್ತದಲ್ಲ, ಅದಲ್ಲ ನಾನು ಹೇಳುತ್ತಿರುವುದು. ಉದ್ದನೆಯ ಹತ್ತಿಬಟ್ಟೆಗೆ ಗಂಜಿಯೋ ಅಂಟೋ ಕೊಟ್ಟು, ಇದ್ದಿಲ ಪುಡಿಯ ಲೇಪ ಹಚ್ಚಿ ಕರಿದು ಮಾಡಿ, ಒಣಗಿದ ಮೇಲೆ ಬೀಸಣಿಗೆಯಂತೆ ಹಿಂದುಮುಂದಾಗಿ ಮಡಿಸಿದ ಪುಸ್ತಕ. ಬರೆಯುವುದು ಬಳಪದಲ್ಲಿ, ಕರಿಯ ಮೇಲೆ ಬಿಳಿ. ಬೇಡವೆಂದರೆ ಒದ್ದೆ ಬಟ್ಟೆಯಲ್ಲಿ ಒರೆಸಿದರಾಯಿತು. ಅಂಗಡಿಯ ಲೆಕ್ಕ, ಮಠದ ಲೆಕ್ಕ, ಊರಿನ ಲೆಕ್ಕ, ಎಲ್ಲ ಅದರಲ್ಲೇ. ಶೃಂಗೇರಿ ಮಠದಲ್ಲಿ ಇಂಥ ಕಡತಗಳು ಹಲವು ಉಳಿದಿವೆ. ಲೆಕ್ಕಪತ್ರವನ್ನು ಯಾರು ಅಳಿಸುತ್ತಾರೆ ಹೇಳಿ? ಸಾಲ ಕೊಟ್ಟವನು ಅಳಿಸುವುದಿಲ್ಲ, ತೆಗೆದುಕೊಂಡವನ ಕೈಗೆ ಕಡತ ಸಿಗುವುದಿಲ್ಲ. ಹುಡುಗನ ಕಡತವಾದರೋ ಸಂಜೆಗೆ ಒರೆಸಿ ಸ್ವಚ್ಛ. ಮಾರನೆಯ ಬೆಳಿಗ್ಗೆ ಮತ್ತೆ ಅ, ಆ, ಇ.

ಹಾಗಾದರೆ ಅಳಿಸಿದ್ದನ್ನು ಓದುವುದು ಹೇಗೆ? ಬರೆದವನನ್ನು ಬಿಟ್ಟು, ಅವನ ಪಕ್ಕದಲ್ಲಿ ನಿಂತು ನೋಡುತ್ತಿದ್ದವನನ್ನು ಹಿಡಿಯಬೇಕು. ಪರವೂರಿನವನಾದರೆ ಇನ್ನೂ ಒಳ್ಳೆಯದು. ಮನೆಯವರಿಗೆ ತಮ್ಮ ಮನೆಯ ಬಾಗಿಲು ಕಾಣುವುದಿಲ್ಲ. ನೆಂಟ ಬಂದು ತಲೆ ತಗುಲಿಸಿಕೊಂಡಾಗಲೇ ಅದು ಗಿಡ್ಡವೆಂದು ಗೊತ್ತಾಗುವುದು. ಕಡತದ ಸಂಗತಿಯೂ ಹೀಗೆಯೇ. ಮೈಸೂರಿನಲ್ಲಿ ಕುಂಪಣಿಯ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ ದಕ್ಷಿಣದ ಚರಿತ್ರೆ ಬರೆಯಲು ಕೂತ. ಅದರ ಮೊದಲ ಸಂಪುಟ ಹೊರಬಂದದ್ದು 1810ರಲ್ಲಿ. ಯುದ್ಧ, ಸಂಧಿ, ಅರಸರ ವಂಶಾವಳಿ, ಇವುಗಳ ನಡುವೆ ಆ ಸಾಹೇಬ ಸಾವಧಾನವಾಗಿ ನಿಂತು ಕಡತವನ್ನು ಮಾಡುವ ಬಗೆ, ಮಡಿಸುವ ಬಗೆ, ಬಳಪ ಎಂಥ ಕಲ್ಲು ಎಂಬುದನ್ನೆಲ್ಲ ವರ್ಣಿಸಿದ್ದಾನೆ. ಕಡತ ಮಾಡುತ್ತಿದ್ದ ನಮ್ಮವನೊಬ್ಬ ಅದನ್ನೆಲ್ಲ ಬರೆದಿಟ್ಟಾನೇ? "ಇದರಲ್ಲಿ ಬರೆಯೋದೇನಿದೆ, ಎಲ್ಲರಿಗೂ ಗೊತ್ತಲ್ಲ" ಎಂದುಕೊಂಡೇ ಅವನು ಹೋಗಿರುತ್ತಾನೆ. ಎಲ್ಲರಿಗೂ ಗೊತ್ತಿರುವುದೇ ಮೊದಲು ಮರೆತುಹೋಗುವುದು, ಗಮನಿಸಿದ್ದೀರಾ? ನಿಮ್ಮಜ್ಜಿಯ ಸಾರಿನ ಪುಡಿಯ ಅಳತೆ ಎಲ್ಲಾದರೂ ಬರೆದಿದೆಯೇ?

ಆದರೆ ವಿಲ್ಕ್ಸ್ ಶಾಲೆಯೊಳಗೆ ಕಾಲಿಡಲಿಲ್ಲ. ಶಾಲೆಯೊಳಕ್ಕೆ ನಮ್ಮನ್ನು ಕರೆದುಕೊಂಡು ಹೋಗುವವನು ಬಳ್ಳಾರಿಯ ಕಲೆಕ್ಟರು. ಅದರ ಹಿನ್ನೆಲೆ ಹೀಗೆ. ಮದರಾಸಿನ ಗವರ್ನರ್ ಥಾಮಸ್ ಮನ್ರೋ 1822ರ ಜೂನಿನಲ್ಲಿ ಒಂದು ಆಜ್ಞೆ ಕಳಿಸಿದ: ನಿಮ್ಮ ನಿಮ್ಮ ಜಿಲ್ಲೆಯಲ್ಲಿ ಶಾಲೆಗಳೆಷ್ಟು, ಓದುವವರೆಷ್ಟು, ಯಾವ ಜಾತಿಯವರು ಎಷ್ಟು, ಲೆಕ್ಕ ಕೊಡಿ. ಸರ್ಕಾರ ಒಂದು ನಮೂನೆ ಕಳಿಸಿ "ಭರ್ತಿ ಮಾಡಿ ಕೂಡಲೆ ಹಿಂದಿರುಗಿಸಿ" ಎಂದರೆ ಏನಾಗುತ್ತದೆಂಬುದು ನಿಮಗೆ ಗೊತ್ತೇ ಇದೆ. ಆಗಲೂ ಅದೇ ಆಯಿತು. ಕೆಲವರು ಬೇಗ ಕಳಿಸಿದರು, ಕೆಲವರು ವರ್ಷ ಕಳೆದ ಮೇಲೆ ಕಳಿಸಿದರು. ಮನ್ರೋ ಎಲ್ಲವನ್ನೂ ಕೂಡಿಸಿ ತನ್ನ ಅಭಿಪ್ರಾಯ ಬರೆಯುವ ಹೊತ್ತಿಗೆ 1826ರ ಮಾರ್ಚ್ ಬಂದಿತ್ತು. ಒಟ್ಟು ಲೆಕ್ಕ 12,498 ಶಾಲೆಗಳು, 1,88,650 ಮಕ್ಕಳು.

ಈ ಉತ್ತರಗಳಲ್ಲಿ ನನಗೆ ಪ್ರಿಯವಾದದ್ದು ಕೆನರಾ ಜಿಲ್ಲೆಯದು. ಇಂದಿನ ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡದ ಕರಾವಳಿಯೆಲ್ಲ ಆಗ ಒಂದೇ ಜಿಲ್ಲೆ. ಅಲ್ಲಿನ ಸಾಹೇಬ ಒಂದು ಅಂಕಿಯನ್ನೂ ಕಳಿಸಲಿಲ್ಲ. ಇಲ್ಲಿ ಕಾಲೇಜುಗಳಿಲ್ಲ, ಕಟ್ಟುನಿಟ್ಟಾದ ಶಾಲೆಗಳೂ ಇಲ್ಲ, ಇದನ್ನೆಲ್ಲ ಲೆಕ್ಕ ಹಾಕುತ್ತ ಕೂತರೆ ಬಹಳ ಹೊತ್ತು ಹಿಡಿಯುತ್ತದೆ, ಪ್ರಯೋಜನವೂ ಇಲ್ಲ ಎಂಬರ್ಥದ ಉತ್ತರ ಬರೆದು ಕೈ ತೊಳೆದುಕೊಂಡ. ಎಂಥ ನೆಮ್ಮದಿಯ ಮನುಷ್ಯ! ಮನ್ರೋ ಸ್ವತಃ ಹಿಂದೆ ಕೆನರಾದಲ್ಲಿ ಕಲೆಕ್ಟರಾಗಿದ್ದವನು. ಅಲ್ಲಿಂದ ವರ್ಗ ಮಾಡಿಸಿಕೊಳ್ಳಲು ಒದ್ದಾಡಿದವನು. ಹಾಗಾಗಿ ಈ ಉತ್ತರ ಓದಿ ಒಳಗೊಳಗೇ ಅರ್ಥ ಮಾಡಿಕೊಂಡಿರಬಹುದು. ಆ ಮಳೆಯಲ್ಲಿ, ಆ ಕಾಡು, ಹೊಳೆ, ಸಂಕ ದಾಟಿಕೊಂಡು, ಮನೆಯ ಚಾವಡಿಯಲ್ಲಿ ನಾಲ್ಕು ಮಕ್ಕಳಿಗೆ ಪಾಠ ಹೇಳುವ ಐಗಳನ್ನು ಹುಡುಕಿಕೊಂಡು ಯಾರು ಹೋಗುತ್ತಾರೆ?

ಆದರೆ ತಮಾಷೆ ಅಲ್ಲಿಗೆ ನಿಲ್ಲುವುದಿಲ್ಲ. ಆ ಒಬ್ಬನ ಸೋಮಾರಿತನದಿಂದ ಅಷ್ಟೂ ಕರಾವಳಿಯ ಮಕ್ಕಳು ದಾಖಲೆಯಿಂದ ಮಾಯವಾದರು. ಪಟ್ಟಿ ನೋಡುವವರಿಗೆ ಕೆನರಾದ ಸಾಲು ಖಾಲಿ. ಖಾಲಿ ಎಂದರೆ ಶಾಲೆ ಇರಲಿಲ್ಲವೆಂದೋ, ಸಾಹೇಬ ಏಳಲಿಲ್ಲವೆಂದೋ? ಕೂಡಿಸುವವನ ಕೈಯಲ್ಲಿ ಎರಡಕ್ಕೂ ಸೊನ್ನೆಯೇ ಬೆಲೆ. ಹಳೆಯ ದಫ್ತರ ಬಿಚ್ಚುವವರು ಮೊದಲು ಕಲಿಯಬೇಕಾದ ಪಾಠ ಇದೇ ಎಂದು ನನ್ನ ಭಾವನೆ. ಅಲ್ಲಿ ಉಳಿದಿರುವುದು ಊರಿನ ಬದುಕಲ್ಲ, ಬರೆದುಕೊಂಡವನ ಮನಸ್ಸು ಆವತ್ತು ಹೇಗಿತ್ತೆಂಬುದು. ಪಾಠ ದೊಡ್ಡದಾಯಿತು, ಬಿಡಿ. ಬಳ್ಳಾರಿಗೆ ಹೋಗೋಣ.

ಬಳ್ಳಾರಿಯ ಕಲೆಕ್ಟರು ಎ. ಡಿ. ಕ್ಯಾಂಪ್‌ಬೆಲ್. ಬಳ್ಳಾರಿ ಆಗ ಮದರಾಸಿನದು. ನಮ್ಮ ಕಡೆಗೆ ಬಂದದ್ದು 1953ರಲ್ಲಿ. ಈ ಕ್ಯಾಂಪ್‌ಬೆಲ್ ಬರಿಯ ಕಂದಾಯದ ಮನುಷ್ಯನಲ್ಲ. ತೆಲುಗಿಗೆ ವ್ಯಾಕರಣ ಬರೆದವನು, ನಿಘಂಟು ಕಟ್ಟಿದವನು. ನುಡಿಯ ರುಚಿ ಹತ್ತಿದವನಿಗೆ ನಮೂನೆ ಭರ್ತಿ ಮಾಡಿ ಕಳಿಸೆಂದರೆ ಸುಮ್ಮನಿರುತ್ತಾನೆಯೇ? ಅಂಕಿಗಳನ್ನು ಕೊಟ್ಟ: 533 ಶಾಲೆ, 6,641 ಮಕ್ಕಳು, ಅವರಲ್ಲಿ ಹುಡುಗಿಯರು 60. ಕನ್ನಡದ ಶಾಲೆ 235, ತೆಲುಗಿನದು 226, ಮರಾಠಿ 23, ಪಾರಸಿ 21, ತಮಿಳು 4, ಇಂಗ್ಲಿಷಿನದು ಒಂದೇ ಒಂದು. ಆ ಒಂದರಲ್ಲಿ ಸೀಟು ಸಿಕ್ಕಲು ಯಾರೂ ರಾತ್ರಿಯಿಡೀ ಸಾಲು ನಿಂತಿರಲಾರರು. ಹೇಗೆ ಬದಲಾಯಿತು ನೋಡಿ ಕಾಲ! ಅಂಕಿ ಕೊಟ್ಟ ಮೇಲೂ ಸಾಹೇಬನ ಲೇಖನಿ ನಿಲ್ಲಲಿಲ್ಲ. 1823ರ ಆಗಸ್ಟಿನಲ್ಲಿ ಬರೆದ ಆ ಪತ್ರ ಕಂದಾಯ ಮಂಡಳಿಗೆ ಹೋದದ್ದು ಹೌದು, ಆದರೆ ಓದಿದರೆ ಜಗಲಿಯ ಮೇಲೆ ಕೂತು ಹೇಳಿದಂತಿದೆ.

ಮಗುವಿಗೆ ಐದು ತುಂಬಿದಾಗ ಮೇಷ್ಟರನ್ನೂ ಶಾಲೆಯ ಮಕ್ಕಳನ್ನೂ ಮನೆಗೆ ಕರೆಯುತ್ತಾರೆ. ಗಣಪತಿಯ ಸುತ್ತ ಮಕ್ಕಳು ಕೂರುತ್ತಾರೆ. ಮೇಷ್ಟರು ಮಗುವಿನ ಬೆರಳು ಹಿಡಿದು ಅಕ್ಕಿಯಲ್ಲಿ ದೇವರ ಹೆಸರು ಬರೆಸುತ್ತಾರೆ. ಆಮೇಲೆ ಶಾಲೆ. ಅಲ್ಲಿ ಮೊದಲು ಬಾಯಿಪಾಠವಲ್ಲ, ಬರವಣಿಗೆ. ನೆಲದ ಮರಳಿನ ಮೇಲೆ ಬೆರಳಿನಿಂದ. ಯುರೋಪಿನಲ್ಲಿ ಮೊದಲು ಅಕ್ಷರವನ್ನು ಉಚ್ಚರಿಸಿ ಕಲಿಯುತ್ತಾರೆ, ಇಲ್ಲಿ ಬರೆದು ಕಲಿಯುತ್ತಾರೆ ಎಂದು ಕ್ಯಾಂಪ್‌ಬೆಲ್ ವ್ಯತ್ಯಾಸ ಗುರುತಿಸುತ್ತಾನೆ. ಬೆರಳು ಪಳಗಿದ ಮೇಲೆ ಹುಡುಗನಿಗೆ ಬಡ್ತಿ: ಕಬ್ಬಿಣದ ಕಂಟದಲ್ಲಿ ಓಲೆಗರಿಯ ಮೇಲೆ, ಲಾಳದ ಕಡ್ಡಿಯಲ್ಲಿ ಕಾಗದದ ಮೇಲೆ, ಇಲ್ಲವೇ ಬಳಪದಲ್ಲಿ ಹಲಗೆ ಅಥವಾ ಕಡತದ ಮೇಲೆ. ಈ ಸೀಮೆಯಲ್ಲಿ ಕೊನೆಯ ಎರಡೇ ಹೆಚ್ಚು ಎನ್ನುತ್ತಾನೆ. ಹಲಗೆ ಒಂದಡಿ ಅಗಲ, ಮೂರಡಿ ಉದ್ದ. ಅದನ್ನು ನಯ ಮಾಡಿ, ಅನ್ನ ಮತ್ತು ಇದ್ದಿಲಪುಡಿ ಸವರಿದರೆ ಸಿದ್ಧ. ಬಳಪವನ್ನು ಅವನು "ಬುಲ್ಟಪ" ಎಂದು ಬರೆದಿದ್ದಾನೆ, ಅಥವಾ ಅವನ ಗುಮಾಸ್ತ ನಕಲು ಮಾಡುವಾಗ ಹಾಗೆ ಬರೆದಿದ್ದಾನೆ. ಮಕ್ಕಳು ಓದುವ ಪುಸ್ತಕಗಳ ಪಟ್ಟಿಯೂ ಇದೆ. ಬಸವಪುರಾಣ, ರಾಘವಾಂಕನ ಕಾವ್ಯ, ಗಿರಿಜಾಕಲ್ಯಾಣ, ಚೆನ್ನಬಸವಪುರಾಣ. ಆದರೆ ಹೆಸರುಗಳು ಇಂಗ್ಲಿಷ್ ಅಕ್ಷರದಲ್ಲಿ ಎಷ್ಟು ತಿರುಚಿಕೊಂಡಿವೆಯೆಂದರೆ, ಕವಿಗಳೇ ಎದ್ದು ಬಂದರೂ ಅದು ತಮ್ಮದೆಂದು ಒಪ್ಪಿಕೊಳ್ಳಲು ಹಿಂದೆಮುಂದೆ ನೋಡಿಯಾರು. ನೂರಾರು ಪದ್ಯ ಬಾಯಿಗೆ ಬರುತ್ತದೆ, ಅರ್ಥ ಮಾತ್ರ ಗಿಣಿಗೆ ಗೊತ್ತಿರುವಷ್ಟೇ ಗೊತ್ತು ಎಂಬ ದೂರೂ ಇದೆ. ಈ ದೂರನ್ನು ಮೊನ್ನೆಮೊನ್ನೆ ಯಾರೋ ಹೇಳಿದಂತೆ ನಿಮಗೆ ನೆನಪಿದ್ದರೆ ಅದಕ್ಕೆ ನಾನು ಹೊಣೆಯಲ್ಲ.

ಈಗ ಮೂರನೆಯವನ ಕಥೆಗೆ ಬರುತ್ತೇನೆ. ಬೆಳಿಗ್ಗೆ ಶಾಲೆಗೆ ಎಲ್ಲರಿಗಿಂತ ಮೊದಲು ಬಂದವನ ಅಂಗೈಯಲ್ಲಿ ಮೇಷ್ಟರು "ಸರಸ್ವತಿ" ಎಂದು ಬರೆಯುತ್ತಿದ್ದರಂತೆ, ಅದು ಗೌರವ. ಎರಡನೆಯವನ ಅಂಗೈಗೆ ಒಂದು ಸೊನ್ನೆ. ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು. ನಾಲ್ಕನೆಯವನಿಗೆ ಎರಡು. ಹೀಗೆ ಒಬ್ಬೊಬ್ಬನಿಗೂ ಒಂದೊಂದು ಹೆಚ್ಚು. ಲೆಕ್ಕ ಹಾಕಿ ನೋಡಿ. ಶಾಲೆಗೆ ಸರಾಸರಿ ಹನ್ನೆರಡು ಮಕ್ಕಳು, ಕೊನೆಯವನಿಗೆ ಬಿದ್ದದ್ದು ಹತ್ತು. ಗಣಿತವನ್ನು ಕೈಯಾರೆ ಕಲಿಯುವುದೆಂದರೆ ಇದು. ನನ್ನ ಮರುಕವೆಲ್ಲ ಮೂರನೆಯವನ ಮೇಲೆ. ಹನ್ನೆರಡನೆಯವನು ಹೇಗೂ ತಡವಾಗಿ ಎದ್ದವನು, ಚೆನ್ನಾಗಿ ನಿದ್ದೆ ಮಾಡಿದ ಸುಖವಾದರೂ ಅವನಿಗುಂಟು. ಮೂರನೆಯವನು ಕತ್ತಲೆಯಲ್ಲೇ ಎದ್ದು ಓಡಿಬಂದು, ಇಬ್ಬರ ಹಿಂದೆ ಬಿದ್ದ ತಪ್ಪಿಗೆ ಪೆಟ್ಟು ತಿಂದವನು. ಅವನು ನಾಳೆ ಏನು ಮಾಡುತ್ತಾನೆ? ಮೊದಲು ಬರುತ್ತಾನೋ, ಹೇಗೂ ಪೆಟ್ಟು ತಪ್ಪುವುದಿಲ್ಲವೆಂದು ಮಗ್ಗುಲು ಬದಲಾಯಿಸುತ್ತಾನೋ? ಕ್ಯಾಂಪ್‌ಬೆಲ್ ಹೇಳುವುದಿಲ್ಲ. ಮೇಷ್ಟರನ್ನು ಕೇಳಿದೆ. "ಮಗ್ಗುಲು ಬದಲಾಯಿಸ್ತಾನೆ" ಎಂದರು, ಒಂದಿಷ್ಟೂ ಯೋಚಿಸದೆ.

ಅದೇ ಪತ್ರದಲ್ಲಿ ಇನ್ನೊಂದು ಮಾತಿದೆ. ಶಾಲೆಗಳು ಏಕೆ ಕ್ಷೀಣಿಸುತ್ತಿವೆ ಎಂಬುದಕ್ಕೆ ಕಾರಣ ಹೇಳುತ್ತ ಕಲೆಕ್ಟರು, ನಮ್ಮ ಯುರೋಪಿನ ಬಟ್ಟೆಬರೆ ಬಂದು ಇಲ್ಲಿನ ಕೈಕಸುಬಿನವರ ಗಳಿಕೆ ಇಳಿದುಹೋಯಿತು, ಮಕ್ಕಳನ್ನು ಓದಿಸುವ ಶಕ್ತಿ ಜನಕ್ಕೆ ಉಳಿಯಲಿಲ್ಲ ಎಂದು ಬರೆಯುತ್ತಾನೆ. ಇಷ್ಟೂ ಶಾಲೆಗಳಲ್ಲಿ ಒಂದಕ್ಕೂ ಈಗ ಸರ್ಕಾರದ ನೆರವಿಲ್ಲ, ಇದನ್ನು ಹೇಳಲು ನನಗೆ ನಾಚಿಕೆ ಎಂದೂ ಬರೆಯುತ್ತಾನೆ. ಅಕ್ಷರದ ಲೆಕ್ಕ ಕೇಳಿದರೆ ಬಟ್ಟೆಯ ಲೆಕ್ಕ ಬಂತು. ಬಳ್ಳಾರಿ ಸೀಮೆಯ ಹುಡುಗರು ಬರೆಯುತ್ತಿದ್ದುದೂ ಬಟ್ಟೆಯ ಮೇಲೆಯೇ ಅಲ್ಲವೇ? ಮೇಲಧಿಕಾರಿಗೆ ಇಂಥ ಮಾತು ಬರೆಯಲು ಎದೆ ಬೇಕು. ಇಂದಿನ ಎಷ್ಟು ವರದಿಗಳಲ್ಲಿ "ನಾಚಿಕೆ" ಎಂಬ ಪದ ಕಾಣುತ್ತದೆ, ನೀವೇ ಹೇಳಿ.

ಈ ಪತ್ರ ಆಮೇಲೆ ಏನಾಯಿತು? ಕಟ್ಟಿ ಇಟ್ಟರು. ಆಗೊಮ್ಮೆ ಈಗೊಮ್ಮೆ ಯಾರೋ ಅದರಿಂದ ಒಂದೆರಡು ಸಾಲು ಎತ್ತಿಕೊಂಡರು. 1931ರ ಅಕ್ಟೋಬರಿನಲ್ಲಿ ಗಾಂಧೀಜಿ ಲಂಡನ್ನಿನ ಭಾಷಣವೊಂದರಲ್ಲಿ, ಐವತ್ತು ನೂರು ವರ್ಷದ ಹಿಂದೆ ಇದ್ದುದಕ್ಕಿಂತ ಭಾರತದಲ್ಲಿ ಈಗ ಅನಕ್ಷರತೆ ಹೆಚ್ಚು, ಚೆಲುವಾದ ಒಂದು ಮರ ಒಣಗಿಹೋಯಿತು ಎಂದರು. ಢಾಕಾ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾಗಿದ್ದ ಸರ್ ಫಿಲಿಪ್ ಹಾರ್ಟಗ್ ಪಟ್ಟು ಹಿಡಿದರು: ಆಧಾರ ಕೊಡಿ. ಗಾಂಧೀಜಿಯನ್ನು ಮೇಲಿಂದ ಮೇಲೆ ಕೇಳಿದ್ದು ಆಧಾರ. ಅವರಿಗೆ ಮೇಲಿಂದ ಮೇಲೆ ಸಿಕ್ಕಿದ್ದು ಜೈಲು. ಜೈಲಿನಲ್ಲಿ ಕೂತು ಕಂದಾಯ ಮಂಡಳಿಯ ನಡಾವಳಿ ಹುಡುಕಲಾದೀತೇ? ಆದರೂ ಪತ್ರವ್ಯವಹಾರ ವರ್ಷಗಟ್ಟಲೆ ನಡೆಯಿತು. ಇಬ್ಬರೂ ಮರ್ಯಾದಸ್ಥರು, ಒಬ್ಬರೂ ಸೋಲಲಿಲ್ಲ. ಮುಂದೆ ಧರಂಪಾಲ್ ಎಂಬುವರು ಮದರಾಸಿನ ಪತ್ರಾಗಾರದಲ್ಲಿ ಕೂತು ಆ ಜಿಲ್ಲಾ ವರದಿಗಳನ್ನು ಒಂದೊಂದಾಗಿ ಹೊರತೆಗೆದು 1983ರಲ್ಲಿ ಪುಸ್ತಕ ಮಾಡಿದರು. ಗಾಂಧೀಜಿಯ ಆ ಮರವೇ ಪುಸ್ತಕದ ಹೆಸರಾಯಿತು. ಅದನ್ನಿಟ್ಟುಕೊಂಡು ಒಂದು ಪಕ್ಷ "ನೋಡಿದಿರಾ, ಎಲ್ಲರೂ ಓದುತ್ತಿದ್ದರು" ಎನ್ನುತ್ತದೆ. ಇನ್ನೊಂದು ಪಕ್ಷ "ನೋಡಿದಿರಾ, ಬಳ್ಳಾರಿಯಲ್ಲಿ ಸಾವಿರಕ್ಕೆ ಏಳು ಜನವೂ ಓದುತ್ತಿರಲಿಲ್ಲ, ಹುಡುಗಿಯರು ಬರೇ 60" ಎನ್ನುತ್ತದೆ. ಕಾಗದ ಒಂದೇ. ಓದುವವನು ಮನೆಯಿಂದ ಹೊರಡುವಾಗಲೇ ಜೇಬಿನಲ್ಲಿ ಉತ್ತರ ಇಟ್ಟುಕೊಂಡು ಬಂದರೆ ಪತ್ರಾಗಾರದವರು ಏನು ಮಾಡಿಯಾರು?

ಆ ಮದರಾಸಿನ ಪತ್ರಾಗಾರ ಇರುವುದು ಎಗ್ಮೋರಿನಲ್ಲಿ. ಎಗ್ಮೋರೆಂದ ಕೂಡಲೆ ನನಗೆ ಇನ್ನೊಬ್ಬ ನೆನಪಾಗುತ್ತಾನೆ. ಆಂಡ್ರೂ ಬೆಲ್ ಎಂಬ ಸ್ಕಾಟ್ಲೆಂಡಿನ ಪಾದ್ರಿ. 1789ರಲ್ಲಿ ಅಲ್ಲೇ ಎಗ್ಮೋರಿನಲ್ಲಿದ್ದ, ಸೈನಿಕರ ಅನಾಥ ಮಕ್ಕಳ ಶಾಲೆಗೆ ಮುಖ್ಯಸ್ಥನಾದ. ಒಂದು ದಿನ ಕುದುರೆಯ ಮೇಲೆ ಹೋಗುವಾಗ ತಮಿಳು ಮಕ್ಕಳು ಜಗಲಿಯ ಶಾಲೆಯಲ್ಲಿ ಮರಳಿನ ಮೇಲೆ ಬರೆಯುವುದನ್ನು ಕಂಡ. ಮನೆಗೆ ಬಂದು, ನಮ್ಮ ಮಕ್ಕಳಿಗೂ ಹೀಗೇ ಕಲಿಸಿ ಎಂದ. ಅವನ ಕೈಕೆಳಗಿನ ಮೇಷ್ಟರಿಗೆ ಇದು ರುಚಿಸಲಿಲ್ಲ. ಮೇಷ್ಟರ ಜಾತಿಗೆ ಹೊಸ ಪದ್ಧತಿ ಯಾವಾಗ ರುಚಿಸಿದೆ? ಬೆಲ್ ಅವರನ್ನು ಬಿಟ್ಟು, ಜಾನ್ ಫ್ರಿಸ್ಕೆನ್ ಎಂಬ ಎಂಟು ವರ್ಷದ ಹುಡುಗನಿಗೆ ಅಕ್ಷರದ ತರಗತಿ ಒಪ್ಪಿಸಿದ. ಹುಡುಗ ಕಲಿಸಿಯೇಬಿಟ್ಟ. 1797ರಲ್ಲಿ ಬೆಲ್ ಈ ಪ್ರಯೋಗದ ವಿವರವನ್ನು ಲಂಡನ್ನಿನಲ್ಲಿ ಪುಸ್ತಕವಾಗಿ ಅಚ್ಚು ಹಾಕಿಸಿದ. ದೊಡ್ಡ ಹುಡುಗ ಚಿಕ್ಕವನಿಗೆ ಕಲಿಸುವ ಈ ಕ್ರಮ "ಮದ್ರಾಸ್ ಪದ್ಧತಿ" ಎಂಬ ಹೆಸರಿನಲ್ಲಿ ಇಂಗ್ಲೆಂಡಿನ ತುಂಬ ಹಬ್ಬಿತು. ಅಲ್ಲಿ ಜೋಸೆಫ್ ಲ್ಯಾಂಕಾಸ್ಟರ್ ಎಂಬುವನ ಶಾಲೆಯಲ್ಲೂ ಮಕ್ಕಳು ಮರಳಿನ ಮೇಲೆ ಬರೆದರು. ಆಮೇಲೆ ಇದು ಮೊದಲು ಹೊಳೆದದ್ದು ನಿನಗೋ ನನಗೋ ಎಂದು ಇಬ್ಬರ ಕಡೆಯವರಿಗೂ ಭಾರಿ ಜಗಳ. ಜಗಳದ ಕಾಗದಪತ್ರ ಬೇಕಾದಷ್ಟಿದೆ. ಮೊದಲು ಹೊಳೆದದ್ದು ಇಬ್ಬರಿಗೂ ಅಲ್ಲವಲ್ಲ! ಆ ಜಗಲಿಯ ಮೇಷ್ಟರ ಹೆಸರೇನೆಂದು ಬೆಲ್ ಕುದುರೆ ನಿಲ್ಲಿಸಿ ಕೇಳಿದ್ದರೆ ಎಷ್ಟು ಚೆನ್ನಾಗಿತ್ತು. ಬಳ್ಳಾರಿಯ ಕ್ಯಾಂಪ್‌ಬೆಲ್ ಮಾತ್ರ ಇದನ್ನು ಒಪ್ಪಿಕೊಂಡಿದ್ದಾನೆ. ಕಡಿಮೆ ಖರ್ಚಿನಲ್ಲಿ ಬರೆಯಲು ಕಲಿಸುವ ಇಲ್ಲಿನ ಬಗೆ, ಹಿರಿಯ ಹುಡುಗ ಕಿರಿಯವನಿಗೆ ಹೇಳಿಕೊಡುವ ಬಗೆ ಮೆಚ್ಚತಕ್ಕದ್ದು, ಇಂಗ್ಲೆಂಡಿನಲ್ಲಿ ಇದನ್ನು ಅನುಕರಿಸಿದ್ದು ಸರಿಯಾಗಿಯೇ ಇದೆ ಎಂದು ಬರೆದ.

ಹೆಸರಿಲ್ಲದವರೆಂದಾಗ ಲಿಪಿಕಾರರ ಮಾತು ಎತ್ತದಿದ್ದರೆ ಪಾಪ ಬಂದೀತು. ಓಲೆಗರಿಯ ಕಟ್ಟಿನ ಕೊನೆಯ ಗರಿಯನ್ನು ನೋಡಿದ್ದೀರಾ? ಕಾವ್ಯ ಮುಗಿದ ಮೇಲೆ ನಕಲು ಮಾಡಿದವನು ಒಂದೆರಡು ಶ್ಲೋಕ ತನಗಾಗಿ ಬರೆದುಕೊಳ್ಳುತ್ತಾನೆ. ಬೆನ್ನು ಬಾಗಿತು, ಸೊಂಟ ಮುರಿಯಿತು, ಕತ್ತು ಜಗ್ಗಿತು, ಕಷ್ಟಪಟ್ಟು ಬರೆದಿದ್ದೇನೆ, ಜೋಪಾನ ಎನ್ನುತ್ತಾನೆ. ಎಣ್ಣೆಯಿಂದ ಕಾಪಾಡಿ, ನೀರಿನಿಂದ ಕಾಪಾಡಿ, ಮೂರ್ಖನ ಕೈಗೆ ಕೊಡಬೇಡಿ ಎಂದು ಪುಸ್ತಕದ ಬಾಯಲ್ಲೇ ಹೇಳಿಸುತ್ತಾನೆ. ಕೊನೆಗೆ, ಮೂಲದಲ್ಲಿ ಹೇಗಿತ್ತೋ ಹಾಗೆ ಬರೆದಿದ್ದೇನೆ, ತಪ್ಪಿದ್ದರೆ ನನ್ನನ್ನು ಬೈಯಬೇಡಿ ಎಂದು ನಿರೀಕ್ಷಣಾ ಜಾಮೀನನ್ನೂ ಪಡೆದುಕೊಂಡುಬಿಡುತ್ತಾನೆ. ಕಾವ್ಯದ ಪಂಡಿತರು ಈ ಗರಿಗೆ ಬರುವ ಹೊತ್ತಿಗೆ ಕಟ್ಟು ಮಡಚಿರುತ್ತಾರೆ. ಬರವಣಿಗೆಯ ಚರಿತ್ರೆ ಬೇಕಾದವನಿಗೆ ಕಾವ್ಯ ಶುರುವಾಗುವುದೇ ಇಲ್ಲಿಂದ.

ಹಾಗೆಂದು ಹಳೆಯ ಗರಿ ಕಂಡ ಕೂಡಲೆ ಕೈ ಮುಗಿಯಬೇಡಿ. ನಂದಳಿಕೆಯ ಲಕ್ಷ್ಮೀನಾರಣಪ್ಪ ಗೊತ್ತಲ್ಲ, ಮುದ್ದಣ? ಉಡುಪಿಯಲ್ಲಿ ಕಸರತ್ತು ಕಲಿಸುತ್ತಿದ್ದ ಬಡ ಮೇಷ್ಟರು. 1870ರಲ್ಲಿ ಹುಟ್ಟಿ, 1901ರಲ್ಲಿ ಕ್ಷಯದಿಂದ ತೀರಿಕೊಂಡವರು. ತಾವೇ ಬರೆದ ಕಾವ್ಯವನ್ನು ಮೈಸೂರಿನ ಪಂಡಿತರಿಗೆ ಕಳಿಸುವಾಗ, ಇದು ಹಳೆಯ ಪ್ರತಿ, ನನಗೆ ಸಿಕ್ಕಿತು ಎಂಬಂತೆ ಕಳಿಸಿದರು. ಪಂಡಿತರು ಸಂತೋಷದಿಂದ ಅಚ್ಚು ಹಾಕಿದರು. ಪ್ರಾಚೀನ ಗ್ರಂಥಗಳನ್ನು ಪ್ರಕಟಿಸಲೆಂದೇ ಇದ್ದ ಮಾಲೆಯಲ್ಲಿ ಬದುಕಿರುವ ಡ್ರಿಲ್ ಮೇಷ್ಟರ ಕೃತಿ! ಅವರು ತಮ್ಮ ಹೆಸರಿನಲ್ಲೇ ಕಳಿಸಿದ್ದರೆ ಅಚ್ಚಾಗುತ್ತಿತ್ತೇ? ನನಗಂತೂ ಅನುಮಾನ. ಸತ್ತವರಿಗೆ ಸಿಗುವ ಮರ್ಯಾದೆ ಇದ್ದವರಿಗೆ ಸಿಗುವುದಿಲ್ಲವೆಂದು ಅವರಿಗೆ ಚೆನ್ನಾಗಿ ತಿಳಿದಿತ್ತು. ಅದಕ್ಕೇ ಬದುಕಿರುವಾಗಲೇ ಪ್ರಾಚೀನರಾದರು. ಪತ್ರಾಗಾರದಲ್ಲಿ ಸಿಕ್ಕಿದ್ದೆಲ್ಲ ಹಳೆಯದು, ಹಳೆಯದೆಲ್ಲ ಸಾಚಾ ಎಂದು ನಂಬುವವರು ಮುದ್ದಣನನ್ನು ನೆನೆದು ಒಮ್ಮೆ ಕೆಮ್ಮಿಕೊಳ್ಳುವುದು ಒಳ್ಳೆಯದು.

ಅದೇ ಮೈಸೂರಿನಲ್ಲಿ ತಿರುವು ಮುರುವಾದ ಕಥೆಯೂ ನಡೆದಿದೆ. ತಂಜಾವೂರು ಕಡೆಯ ಪಂಡಿತರೊಬ್ಬರು ಒಂದು ಓಲೆಗರಿ ಕಟ್ಟನ್ನು ತಂದು ಅಲ್ಲಿನ ಪ್ರಾಚ್ಯ ಪುಸ್ತಕಾಲಯಕ್ಕೆ ಕೊಟ್ಟುಹೋದರು. ಅಲ್ಲಿದ್ದ ಆರ್. ಶಾಮಶಾಸ್ತ್ರಿಗಳು ಬಿಚ್ಚಿ ನೋಡಿದರೆ ಕೌಟಿಲ್ಯನ ಅರ್ಥಶಾಸ್ತ್ರ. ಅದು ಅಚ್ಚಾದದ್ದು 1909ರಲ್ಲಿ. ರಾಜನೀತಿ, ಗೂಢಚಾರರು, ತೆರಿಗೆ, ಇವುಗಳ ಸುದ್ದಿಯನ್ನು ಪ್ರಪಂಚವೆಲ್ಲ ಮಾತಾಡಿತು. ಅದರೊಳಗೆ ಅರಸನ ಆಜ್ಞಾಪತ್ರವನ್ನು ಹೇಗೆ ಬರೆಯಬೇಕೆಂಬ ಅಧ್ಯಾಯವೊಂದಿದೆ, ಅದನ್ನು ಮಾತಾಡಿದವರು ಕಡಿಮೆ. ಬರಹಕ್ಕೆ ಅರ್ಥಕ್ರಮ, ಸಂಬಂಧ, ಪರಿಪೂರ್ಣತೆ, ಮಾಧುರ್ಯ, ಔದಾರ್ಯ, ಸ್ಪಷ್ಟತೆ ಎಂಬ ಆರು ಗುಣಗಳಿರಬೇಕು. ದೋಷಗಳು ಐದು. ಮಾಸಿದ ಗರಿಯಲ್ಲಿ ಅಂಕುಡೊಂಕಾಗಿ ಬರೆಯುವುದು ಅಕಾಂತಿ. ಹಿಂದೆ ಹೇಳಿದ್ದಕ್ಕೆ ಮುಂದೆ ಹೇಳಿದ್ದು ಅಡ್ಡ ಬಂದರೆ ವ್ಯಾಘಾತ. ಹೇಳಿದ್ದನ್ನೇ ಹೇಳಿದರೆ ಪುನರುಕ್ತ. ವ್ಯಾಕರಣ ಕೆಟ್ಟರೆ ಅಪಶಬ್ದ. ನಿಲ್ಲಿಸಬೇಕಾದಲ್ಲಿ ನಿಲ್ಲಿಸದೆ, ಬೇಡದಲ್ಲಿ ನಿಲ್ಲಿಸಿ ಎಲ್ಲವನ್ನೂ ಕಲಸಿದರೆ ಸಂಪ್ಲವ. ಈ ಕೊನೆಯ ದೋಷವಿಲ್ಲದೆ ಹರಟೆ ಬರೆಯುವುದು ಹೇಗೆಂದು ಕೌಟಿಲ್ಯ ಹೇಳಿಲ್ಲ. ಅವನಿ‌ಗೆ ಹರಟುವಷ್ಟು ಬಿಡುವು ಎಲ್ಲಿತ್ತು, ನಂದರನ್ನು ಉರುಳಿಸುವ ಗಡಿಬಿಡಿ!

ಈ ಪಟ್ಟಿಯನ್ನು ಮೇಷ್ಟರಿಗೆ ಓದಿ ಹೇಳಿದೆ. ಅವರಿಗೆ ಕೌಟಿಲ್ಯ ಅಷ್ಟಾಗಿ ಹಿಡಿಸಿದಂತೆ ಕಾಣಲಿಲ್ಲ.

"ಅದಿರಲಿ ಸ್ವಾಮಿ. ಆ ಬಳ್ಳಾರಿ ಸಾಹೇಬ ಬಳಪದ ವಿಷಯ ಏನು ಬರೆದಿದ್ದಾನೆ ಅಂದಿರಿ?"

"ಬಿಳಿ ಜೇಡಿಮಣ್ಣಿನಂಥದು, ಬರೆಯಲು ಬರುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ ಅಂತ."

"ಅಷ್ಟೇನೇ? ಮಕ್ಕಳು ಅದನ್ನ ತಿಂತಾರೆ ಅಂತ ಬರೆದಿಲ್ಲವೇ?"

"ಇಲ್ಲ."

"ಹಾಗಾದರೆ ಅವನು ಶಾಲೆ ಒಳಗೆ ಹೋಗಿಲ್ಲ ಬಿಡಿ, ಬಾಗಿಲಲ್ಲೇ ನಿಂತು ಬರೆದಿದ್ದಾನೆ" ಎಂದು ಮೇಷ್ಟರು ತೀರ್ಪು ಕೊಟ್ಟು ಎಲೆಯನ್ನು ಬಾಯಿಗಿಟ್ಟುಕೊಂಡರು. ಅವರ ವಾದಕ್ಕೆ ನಾನೇನು ಎದುರು ಹೇಳಲಿ? ಬಳಪ ತಿಂದು ಅಮ್ಮನ ಕೈಲಿ ಗುದ್ದು ತಿನ್ನದವರು ಕನ್ನಡನಾಡಿನಲ್ಲಿ ಎಷ್ಟು ಮಂದಿ ಇದ್ದಾರು? ವಿಲ್ಕ್ಸ್ ಅದು ಯಾವ ಕಲ್ಲೆಂದು ಬರೆದ, ಕ್ಯಾಂಪ್‌ಬೆಲ್ ಬಣ್ಣ ಬರೆದ. ಕರಿಬಳಪಕ್ಕಿಂತ ಬಿಳಿಬಳಪ ರುಚಿ, ಮಳೆಗಾಲದಲ್ಲಿ ಇನ್ನೂ ರುಚಿ ಎಂಬ ಸತ್ಯ ಮಾತ್ರ ಎಗ್ಮೋರಿನಲ್ಲೂ ಇಲ್ಲ, ಲಂಡನ್ನಿನಲ್ಲೂ ಇಲ್ಲ. ಸಂಶೋಧಕರು ಯಾರಾದರೂ ಓದುತ್ತಿದ್ದರೆ ದಯವಿಟ್ಟು ಗುರುತು ಹಾಕಿಕೊಳ್ಳಿ. ಆಧಾರ ಬೇಕೆಂದರೆ ನಮ್ಮ ಬೀದಿಗೆ ಬನ್ನಿ, ಮೇಷ್ಟರು ಸಂಜೆ ಐದರ ಮೇಲೆ ಜಗಲಿಯಲ್ಲೇ ಇರುತ್ತಾರೆ.